ಟೇಕಡಿ ಹತ್ತಲು ದಮ್ಮು ಸಾಕು, ಇಳಿಯಲು ಕಲಿಯಬೇಕು

ಪ್ರಶ್ನೆ: ನಾವು ಮೂಲತಃ ಧಾರವಾಡದವರು. ಈಗ ಪುಣೆಯ ಕೋಥರೂಡಿನಲ್ಲಿದ್ದೇವೆ. ಬೆಳಿಗ್ಗೆ ಮನೆಯ ಮೂವರು ವೇತಾಳ ಟೇಕಡಿಗೆ (ಗುಡ್ಡಕ್ಕೆ) ಹೋಗುತ್ತೇವೆ. ಅಪ್ಪನಿಗೆ 68 ವರ್ಷ, ಬಿಪಿ ಮತ್ತು ಸಕ್ಕರೆ ಕಾಯಿಲೆಗೆ ಮಾತ್ರೆ ನಡೆದಿದೆ. ಅವರದು ನಡಿಗೆ ಮಾತ್ರ. ನನಗೆ 41, ರಸ್ತೆಯ ಮೇಲೆ 10 ಕಿ.ಮೀ. ಆರಾಮಾಗಿ ಓಡುತ್ತೇನೆ. ಆದರೆ ಟೇಕಡಿಯಲ್ಲಿ ಓಡತೊಡಗಿದ ಮೇಲೆ ಇಳಿಯುವಾಗ ಮೊಣಕಾಲ ಚಿಪ್ಪಿನ ಸುತ್ತ ನೋವು, ಹೆಬ್ಬೆರಳ ಉಗುರೂ ಕಪ್ಪಾಗಿದೆ. ಮಗನಿಗೆ 16, ಗೇರ್ ಸೈಕಲ್ ಇದೆ. ಇಳಿಜಾರಿನ ತಿರುವಿನಲ್ಲಿ ಎರಡು ಸಲ ಜಾರಿ ಬಿದ್ದ. ಒಮ್ಮೆ ಒಬ್ಬ ಅಜ್ಜಿಗೆ ತಾಗುವುದು ಕೂದಲೆಳೆಯಲ್ಲಿ ತಪ್ಪಿತು, ಜನ ಬೈದರು. ಮೂವರೂ ಒಂದೇ ದಾರಿ ಬಳಸುವುದು ಹೇಗೆ? ಮಳೆಗಾಲದಲ್ಲಿ ಹೋಗಬಹುದೇ? ಡಿಸೆಂಬರಿನಲ್ಲಿ ಎಲ್ಲರೂ ಸಿಂಹಗಡ ಕೋಟೆ ಹತ್ತುವ ಆಸೆಯಿದೆ. ಅಪ್ಪನಿಗೆ ಆದೀತೇ?

ಉತ್ತರ: ನಿಮ್ಮ ಮೊಣಕಾಲು ನೋಯುವುದು ಇಳಿಯುವಾಗ. ಉಗುರು ಕಪ್ಪಾದದ್ದು ಇಳಿದದ್ದರಿಂದ. ಮಗ ಬಿದ್ದದ್ದು ಇಳಿಜಾರಿನಲ್ಲಿ, ಅಜ್ಜಿಯ ಮೈಮೇಲೆ ಹೋಗಲಿದ್ದದ್ದೂ ಬಹುಶಃ ಅಲ್ಲೇ. ಹತ್ತುವಾಗ ಎಲ್ಲರಿಗೂ ಏದುಸಿರು ಬರುತ್ತದೆ, ಆದ್ದರಿಂದ ಎಲ್ಲರೂ ತಾವಾಗಿಯೇ ನಿಧಾನ. ಇಳಿಯುವಾಗ ಉಸಿರು ಆರಾಮಾಗಿರುತ್ತದೆ, ವೇಗ ತಾನಾಗಿ ಏರುತ್ತದೆ, ಎಡವಟ್ಟು ಆಗುವುದೂ ಆಗಲೇ. ಹಾಗಾಗಿ ಈ ಉತ್ತರದ ಹೆಚ್ಚಿನ ಭಾಗ ಇಳಿಯುವುದರ ಬಗ್ಗೆಯೇ ಇದೆ.

ಮೊದಲು ನೆಲ ತಿಳಿದುಕೊಳ್ಳಿ. ಪುಣೆ ಶಹರ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ, ವೇತಾಳ ಟೇಕಡಿಯ ತುದಿ ಸುಮಾರು 800 ಮೀಟರ್. ಅಡಿಯಲ್ಲಿರುವುದು ದಖನ್ನಿನ ಕಪ್ಪು ಬಸಾಲ್ಟ್ ಬಂಡೆ. ಅದರ ಮೇಲೆ ಕೆಲವೇ ಇಂಚು ಮಣ್ಣು, ಹೆಚ್ಚಿನ ಕಡೆ ಪುಣೆಯವರು ಮುರೂಮ್ ಎನ್ನುವ, ನಮ್ಮ ಕಡೆ ಗರಸು ಎನ್ನುವ ಹರಳು ಮಣ್ಣು. ಗಟ್ಟಿ ಬಂಡೆಯ ಮೇಲೆ ಸಡಿಲ ಹರಳು ಬಿದ್ದಿದೆಯೆಂದರೆ, ಕಡಪಾ ಕಲ್ಲಿನ ನೆಲದ ಮೇಲೆ ಜೋಳ ಚೆಲ್ಲಿದಂತೆ. ಬೂಟಾಗಲಿ ಟೈರಾಗಲಿ ಹರಳಿನ ಮೇಲೆ ಕೂರುತ್ತದೆ, ಹರಳು ಬಂಡೆಯ ಮೇಲೆ ಉರುಳುತ್ತದೆ. ಒಣಗಿದ ಬರಿ ಬಂಡೆ ಮಾತ್ರ ಒರಟಾಗಿರುತ್ತದೆ, ಹಿಡಿತ ಚೆನ್ನಾಗಿ ಸಿಗುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಇಳಿಯುವಾಗ ಕಣ್ಣು ಹುಡುಕಬೇಕಾದ್ದು ಬಂಡೆಯನ್ನು, ಮೆತ್ತಗೆ ಕಾಣುವ ಹರಳು ಮಣ್ಣನ್ನಲ್ಲ. ಹೊಸಬರು ಇದನ್ನು ಸರಿಯಾಗಿ ಉಲ್ಟಾ ಮಾಡುತ್ತಾರೆ.

ನಿಮ್ಮ ಮೊಣಕಾಲು

ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಬ್ರೇಕಿನ ಕೆಲಸ ಮಾಡುತ್ತದೆ, ಉದ್ದವಾಗುತ್ತಲೇ ಬಿಗಿಯನ್ನೂ ಹಿಡಿಯಬೇಕಾಗುತ್ತದೆ. ಸಪಾಟು ರಸ್ತೆಯಲ್ಲಿ ಎಷ್ಟೇ ಓಡಿದರೂ ಈ ಕೆಲಸದ ಅಭ್ಯಾಸ ಅದಕ್ಕೆ ಆಗಿರುವುದಿಲ್ಲ. ತೊಡೆ ಬೇಗ ಸೋಲುತ್ತದೆ, ಆಮೇಲೆ ಪ್ರತಿ ಹೆಜ್ಜೆಯ ಪೆಟ್ಟು ಚಿಪ್ಪಿನ ಹಿಂದಿನ ಕೀಲಿಗೆ ಹೋಗುತ್ತದೆ. 10 ಕಿ.ಮೀ. ಓಡುವ ದಮ್ಮು ನಿಮ್ಮಲ್ಲಿರುವುದೇ ಇಲ್ಲಿ ಮುಳುವಾಗಿದೆ. ಉಸಿರು ಸಾಕು ಎನ್ನುವುದರೊಳಗೆ ತೊಡೆ ಸಾಕು ಎಂದಿರುತ್ತದೆ, ಅದರ ಮಾತು ನಿಮಗೆ ಕೇಳಿಸಿರುವುದಿಲ್ಲ.

ಓಡುವ ರೀತಿಯಿಂದಲೇ ಸುಧಾರಣೆ ಶುರುಮಾಡಿ. ಹೆದರಿಕೆಯಲ್ಲಿ ಎಲ್ಲರೂ ಹಿಂದಕ್ಕೆ ವಾಲುತ್ತಾರೆ, ಕಾಲು ಮುಂದೆ ಚಾಚುತ್ತಾರೆ. ಆಗ ಹಿಮ್ಮಡಿ ಮೊದಲು ನೆಲಕ್ಕೆ ತಾಗುತ್ತದೆ, ಮೊಣಕಾಲು ನೆಟ್ಟಗಿರುತ್ತದೆ, ಹರಳಿನ ಮೇಲಾದರೆ ಕಾಲು ಮುಂದಕ್ಕೆ ಜಾರಿ ಕುಂಡಿಯ ಮೇಲೆ ಬೀಳುತ್ತೀರಿ. ಬದಲಿಗೆ ಹೆಜ್ಜೆ ಅರ್ಧ ಮಾಡಿ, ಸಂಖ್ಯೆ ಹೆಚ್ಚಿಸಿ. ನಿಮಿಷಕ್ಕೆ 170–180 ಹೆಜ್ಜೆ ಬರಲಿ. ಪಾದ ಸೊಂಟದ ಕೆಳಗೇ ಬೀಳಬೇಕು, ಮೊಣಕಾಲು ಸ್ವಲ್ಪ ಮಡಿಸಿರಬೇಕು, ಮೈ ಇಳಿಜಾರಿಗೆ ತುಸು ಮುಂದೆ ಬಾಗಿರಬೇಕು. ಮೊಣಕೈ ಅಗಲಿಸಿ, ಸಮತೋಲನ ಅದರಿಂದಲೇ ನಿಲ್ಲುತ್ತದೆ. ದೃಷ್ಟಿ ಕಾಲ ಬುಡದಲ್ಲಿ ಬೇಡ, 3–5 ಮೀಟರ್ ಮುಂದೆ ಇರಲಿ. ತೀರಾ ಕಡಿದಾದ ಕಡೆ ಓಡುವ ಹಟ ಬಿಟ್ಟು ಅಡ್ಡಡ್ಡ ಹೆಜ್ಜೆಯಲ್ಲಿ ನಡೆದು ಇಳಿಯಿರಿ. ಹತ್ತುವಾಗಲೂ ಅಷ್ಟೇ. 100 ಮೀಟರಿಗೆ 15 ಮೀಟರಿಗಿಂತ ಹೆಚ್ಚು ಏರುವ ದಾರಿಯಲ್ಲಿ ನಮ್ಮಂಥ ಸಾಮಾನ್ಯರಿಗೆ ಓಟಕ್ಕಿಂತ ಬಿರುಸಿನ ನಡಿಗೆಯೇ ಕಡಿಮೆ ಖರ್ಚಿನದು. ಕೈಗಳನ್ನು ತೊಡೆಯ ಮೇಲಿಟ್ಟು ಒತ್ತುತ್ತ ಹತ್ತಿ, ನಾಚಿಕೆಪಡುವಂಥದ್ದೇನಿಲ್ಲ.

ಎರಡನೆಯದು ಮನೆಯ ಮೆಟ್ಟಿಲು. ಮಾಮೂಲಿ ಮೆಟ್ಟಿಲಿನ ಎತ್ತರ 15–18 ಸೆಂ.ಮೀ. ಇರುತ್ತದೆ. ಅದರ ಅಂಚಿನಲ್ಲಿ ಒಂದೇ ಕಾಲ ಮೇಲೆ ನಿಂತು, ಇನ್ನೊಂದು ಹಿಮ್ಮಡಿಯನ್ನು ಮೂರು ಸೆಕೆಂಡು ಎಣಿಸುತ್ತ ಕೆಳಗಿನ ಮೆಟ್ಟಿಲಿಗೆ ಇಳಿಸಿ, ತಾಗಿಸಿ, ಮತ್ತೆ ಮೇಲಕ್ಕೆ. ನಿಂತ ಕಾಲಿನ ಮೊಣಕಾಲು ಒಳಕ್ಕೆ ಹೆಬ್ಬೆರಳ ಕಡೆ ವಾಲಬಾರದು, ಎರಡನೇ ಬೆರಳಿನ ನೇರಕ್ಕಿರಬೇಕು. ಒಳಕ್ಕೆ ವಾಲಿದರೆ ಪೃಷ್ಠದ ಸ್ನಾಯು ದುರ್ಬಲವೆಂದು ತಿಳಿಯಿರಿ. ಕನ್ನಡಿಯ ಮುಂದೆ ಮಾಡಿದರೆ ಚೆನ್ನಾಗಿ ಕಾಣುತ್ತದೆ. ಪ್ರತಿ ಕಾಲಿಗೆ 10–12 ಸಲ, ಮೂರು ಸುತ್ತು, ವಾರಕ್ಕೆ ಮೂರು ದಿನ. ಜೊತೆಗೆ ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಂತೆ ಕೂರುವುದು 30–45 ಸೆಕೆಂಡು, ಮೀನಖಂಡಕ್ಕಾಗಿ ತುದಿಗಾಲಲ್ಲಿ ಏಳುವುದು 15 ಸಲ, ಇವೂ ಮೂರು ಸುತ್ತು. ಆರು ವಾರ ಬಿಡದೆ ಮಾಡಿ. ಅಷ್ಟು ದಿನ ಟೇಕಡಿ ಬಿಡಬೇಕಿಲ್ಲ. ಓಡಿ ಹತ್ತಿ, ನಡೆದು ಇಳಿಯಿರಿ. ವಾರಕ್ಕೆ ಎರಡೇ ದಿನ, ದೂರ ಲೆಕ್ಕ ಹಾಕದೆ 40 ನಿಮಿಷ. ನೋವು ಹತ್ತರಲ್ಲಿ ಮೂರರೊಳಗಿದ್ದು ಮರುದಿನ ಬೆಳಿಗ್ಗೆಗೆ ಇಳಿದಿದ್ದರೆ ಮುಂದುವರಿಯಬಹುದು. ತೊಡೆಯ ಸ್ನಾಯು ನೋವು ಬೇರೆ, ಅದು ಎರಡನೇ ಮೂರನೇ ದಿನ ಜೋರಾಗಿ ತಾನೇ ಹೋಗುತ್ತದೆ. ಮೊಣಕಾಲು ಊದಿಕೊಂಡರೆ, ಮಧ್ಯೆ ಸಿಕ್ಕಿಹಾಕಿಕೊಂಡಂತಾದರೆ, ಒಮ್ಮೆಲೇ ಕೈಕೊಟ್ಟಂತಾದರೆ ವ್ಯಾಯಾಮ ನಿಲ್ಲಿಸಿ ಮೂಳೆ ವೈದ್ಯರನ್ನು ಕಾಣಿ.

ಉಗುರಿನ ಕತೆ ಸರಳ. ಇಳಿಯುವಾಗ ಪಾದ ಬೂಟಿನೊಳಗೆ ಮುಂದಕ್ಕೆ ಜಾರಿ ಹೆಬ್ಬೆರಳು ಸಾವಿರಾರು ಸಲ ಗುದ್ದಿರುತ್ತದೆ. ನಿಂತಾಗ ಅತಿ ಉದ್ದದ ಬೆರಳಿನ ಮುಂದೆ ಒಂದು ಸೆಂ.ಮೀ. ಜಾಗ ಬೇಕು. ಬೂಟನ್ನು ಸಂಜೆ ಕೊಳ್ಳಿ, ಪಾದ ಆಗ ಸ್ವಲ್ಪ ಉಬ್ಬಿರುತ್ತದೆ. ಲೇಸಿಗೆ ಎಲ್ಲಕ್ಕಿಂತ ಮೇಲೆ, ಒಂದಿಷ್ಟು ಹಿಂದೆ, ಒಂದು ಖಾಲಿ ತೂತು ಇರುತ್ತದೆ. ಬಹಳ ಜನ ಅದನ್ನು ಮುಟ್ಟುವುದೇ ಇಲ್ಲ. ಲೇಸನ್ನು ಅದೇ ಬದಿಯಲ್ಲಿ ಆ ತೂತಿನೊಳಗೆ ಹಾಕಿ ಸಣ್ಣ ಕುಣಿಕೆ ಮಾಡಿ, ಎದುರು ಬದಿಯ ತುದಿಯನ್ನು ಆ ಕುಣಿಕೆಯಲ್ಲಿ ತೂರಿಸಿ, ಎಳೆದು ಗಂಟು ಹಾಕಿ. ಹಿಮ್ಮಡಿ ಹಿಂದೆಯೇ ಕಚ್ಚಿ ಕೂರುತ್ತದೆ, ಬೆರಳು ಮುಂದೆ ಹೋಗುವುದಿಲ್ಲ. ಎಷ್ಟೋ ಜನಕ್ಕೆ ಹೊಸ ಬೂಟಿನ ಖರ್ಚು ಇದರಿಂದಲೇ ಉಳಿಯುತ್ತದೆ. ಆದರೂ ರಸ್ತೆ ಬೂಟಿನ ಅಡಿ ಸವೆದು ನುಣುಪಾಗಿದ್ದರೆ ಬದಲಿಸಲೇಬೇಕು. ಒಣ ಗರಸಿಗೆ 3–4 ಮಿ.ಮೀ. ಹಲ್ಲಿನ ಅಡಿ ಸಾಕು, ಮಳೆಗಾಲದ ಕೆಸರಿಗೆ 5–6 ಮಿ.ಮೀ. ಬೇಕು. ಆಳ ಹಲ್ಲಿನ ಬೂಟು ಬರಿ ಬಂಡೆಯ ಮೇಲೆ ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ, ಹಾಗಾಗಿ ವರ್ಷಪೂರ್ತಿಗೆ ಒಂದೇ ಜೊತೆ ಕೊಳ್ಳುವುದಾದರೆ 4 ಮಿ.ಮೀ. ನೋಡಿ. ಹತ್ತಿಯ ಕಾಲುಚೀಲ ಬೇಡ. ಬೆವರು ಹಿಡಿದು ಗುಳ್ಳೆ ಎಬ್ಬಿಸುತ್ತದೆ.

ಮಗನ ಸೈಕಲ್

ತಿರುವಿನಲ್ಲಿ ಎರಡು ಸಲ ಬಿದ್ದನೆಂದರೆ ಮೊದಲು ಟೈರಿನ ಗಾಳಿ ನೋಡಿ. ಪಂಕ್ಚರ್ ಅಂಗಡಿಯಲ್ಲಿ ಹೆಬ್ಬೆರಳಿಂದ ಒತ್ತಿ ನೋಡಿ ‘ಟೈಟ್’ ಮಾಡಿ ಕೊಡುತ್ತಾರೆ. ರಸ್ತೆಗೆ ಅದು ಸರಿ. ಟೈರಿನ ಬದಿಯಲ್ಲಿ ಅಚ್ಚಾಗಿರುವ ದೊಡ್ಡ ಅಂಕಿ ಗರಿಷ್ಠ ಮಿತಿ, ಅಷ್ಟು ತುಂಬಬೇಕೆಂದು ಅರ್ಥವಲ್ಲ. 50 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿದ ಟೈರು ಕಲ್ಲಿನಿಂದ ಕಲ್ಲಿಗೆ ಚಿಮ್ಮುತ್ತದೆ, ಗರಸಿನ ಮೇಲೆ ತೇಲುತ್ತದೆ. ಹುಡುಗನ ತೂಕ 60–65 ಕೆ.ಜಿ. ಇದ್ದು, ಟೈರು 2.25 ಇಂಚು ಅಗಲವಿದ್ದರೆ, ಒಳಗೆ ಟ್ಯೂಬ್ ಇರುವ ಚಕ್ರಕ್ಕೆ ಮುಂದೆ 28, ಹಿಂದೆ 30–32 ಪಿಎಸ್‌ಐನಿಂದ ಶುರುಮಾಡಿ. ಅದಕ್ಕಿಂತ ತೀರಾ ಇಳಿಸಿದರೆ ಕಲ್ಲಿನ ಅಂಚು ಟ್ಯೂಬನ್ನು ರಿಮ್ಮಿಗೆ ಅದುಮಿ, ಹಾವು ಕಚ್ಚಿದ ಗುರುತಿನಂತೆ ಅಕ್ಕಪಕ್ಕ ಎರಡು ತೂತು ಮಾಡುತ್ತದೆ. ಟ್ಯೂಬ್‌ಲೆಸ್ ಆದರೆ 22–26 ಸಾಕು. ಅಳತೆ ತೋರಿಸುವ ನೆಲಪಂಪು ಮನೆಯಲ್ಲೊಂದು ಇರಲಿ. ವಾಲ್ವು ತೆಳ್ಳಗಿನ ಪ್ರೆಸ್ಟಾ ಆಗಿದ್ದರೆ ಬೀದಿಯ ಅಂಗಡಿಯ ನಾಜಲ್ ಕೂರುವುದಿಲ್ಲ. ಅದಕ್ಕೆ ಹಿತ್ತಾಳೆಯ ಪುಟ್ಟ ಅಡಾಪ್ಟರ್ ಸಿಗುತ್ತದೆ, ತಂದು ಸೀಟಿನ ಚೀಲದಲ್ಲಿ ಹಾಕಿಡಿ.

ಆಮೇಲೆ ಮುಂದಿನ ಶಾಕ್ ಅಬ್ಸಾರ್ಬರ್. ರಸ್ತೆಯಲ್ಲಿ ಹೋಗುವಾಗ ಬಿಗಿ ಮಾಡುವ ಲಾಕ್ ಗುಂಡಿಯನ್ನು ಹುಡುಗರು ಬಿಚ್ಚುವುದು ಮರೆಯುತ್ತಾರೆ. ಬಿಚ್ಚಿದ ಶಾಕ್, ಸವಾರ ಏರಿ ಕೂತಾಗ ಒಟ್ಟು ಚಲನೆಯ 20–25 ಶೇಕಡಾ ಕುಗ್ಗಬೇಕು, ಅಂದರೆ 100 ಮಿ.ಮೀ. ಶಾಕಿಗೆ 20–25 ಮಿ.ಮೀ.

ಗಾಳಿ, ಶಾಕ್ ಎರಡೂ ಸರಿಯಿದ್ದು ಮತ್ತೂ ಬಿದ್ದರೆ ತಪ್ಪು ಬ್ರೇಕಿನದು. ತಿರುವಿನೊಳಗೆ ಹೋದ ಮೇಲೆ ಹೆದರಿ ಮುಂದಿನ ಬ್ರೇಕು ಒತ್ತಿದ, ಮುಂದಿನ ಚಕ್ರ ಗರಸಿನ ಮೇಲೆ ಪಕ್ಕಕ್ಕೆ ಸರಿಯಿತು, ಎದ್ದು ನೋಡುವಷ್ಟರಲ್ಲಿ ಮೊಣಕೈ ತರಚಿತ್ತು. ಹೀಗೇ ಆಗಿರುತ್ತದೆ. ನಿಲ್ಲಿಸುವ ಶಕ್ತಿಯಲ್ಲಿ ಹೆಚ್ಚಿನ ಪಾಲು ಮುಂದಿನ ಬ್ರೇಕಿನದೇ, ಆದ್ದರಿಂದ ಅದನ್ನು ಮುಟ್ಟಲೇಬೇಡ ಎನ್ನುವ ಹಳೆಯ ಉಪದೇಶ ತಪ್ಪು. ತಿರುವಿಗೆ ಮೊದಲು, ಚಕ್ರ ನೆಟ್ಟಗಿರುವಾಗ, ಎರಡೂ ಬ್ರೇಕನ್ನು ಒಂದೊಂದು ಬೆರಳಿನಿಂದ ಒತ್ತಿ ವೇಗ ಇಳಿಸಬೇಕು. ತಿರುವಿನಲ್ಲಿ ಬಿಟ್ಟುಬಿಡಬೇಕು. ಸೀಟು 5 ಸೆಂ.ಮೀ. ಇಳಿಸಿ, ಪೆಡಲ್ ಎರಡೂ ಸಮನಾಗಿಟ್ಟು ಅದರ ಮೇಲೆ ನಿಂತು, ಸೊಂಟ ತುಸು ಹಿಂದೆ, ಮೊಣಕೈ ಮಡಿಸಿ ಅಗಲಕ್ಕೆ. ತಿರುವಿನಲ್ಲಿ ಹೊರಗಿನ ಪೆಡಲ್ ಕೆಳಗಿರಲಿ. ಹಿಂದಿನ ಚಕ್ರ ಲಾಕ್ ಮಾಡಿ ಸರ್‍ರನೆ ಎಳೆಯುವುದು ಹುಡುಗರಿಗೆ ಮಜಾ. ಆದರೆ ಆ ಗೀರು ಮೊದಲ ಮಳೆಗೇ ನೀರಿನ ಕಾಲುವೆಯಾಗುತ್ತದೆ. ಒಂದು ಭಾನುವಾರ ಖಾಲಿ ಮೈದಾನದಲ್ಲಿ ಒಂದು ಗೆರೆ ಎಳೆದು, ಚಕ್ರ ಲಾಕ್ ಆಗದಂತೆ ಗೆರೆಯ ಮೇಲೆ ನಿಲ್ಲಿಸುವುದನ್ನು ಇಪ್ಪತ್ತು ಮೂವತ್ತು ಸಲ ಮಾಡಿಸಿ.

ನಿಲ್ಲಲು ಎಷ್ಟು ಜಾಗ ಬೇಕೆಂದು ಅವನೇ ಲೆಕ್ಕ ಮಾಡಲಿ, ಹನ್ನೊಂದನೆಯ ತರಗತಿಯ ಭೌತಶಾಸ್ತ್ರ ಸಾಕು. ಸಾಧಾರಣ ಇಳಿಜಾರಿನ ಗರಸಿನಲ್ಲಿ ಬ್ರೇಕು ಪ್ರತಿ ಸೆಕೆಂಡಿಗೂ ವೇಗವನ್ನು ಸೆಕೆಂಡಿಗೆ 2 ಮೀಟರಿನಷ್ಟು ತಗ್ಗಿಸುತ್ತದೆ ಎಂದಿಟ್ಟುಕೊಳ್ಳಿ, ಕಣ್ಣು ಕಂಡು ಕೈ ಒತ್ತಲು ಒಂದು ಸೆಕೆಂಡು. ಗಂಟೆಗೆ 15 ಕಿ.ಮೀ. ವೇಗದಲ್ಲಿ ನಿಲ್ಲಲು ಸುಮಾರು 9 ಮೀಟರ್ ಬೇಕು. 25 ಕಿ.ಮೀ. ಆದರೆ 19 ಮೀಟರ್. ಕುರುಡು ತಿರುವಿನಲ್ಲಿ ಎದುರಿನಿಂದಲೂ ಒಬ್ಬರು ಬರುತ್ತಿರಬಹುದು, ಹಾಗಾಗಿ ಕಾಣುವ ದಾರಿಯ ಅರ್ಧದೊಳಗೆ ನಿಲ್ಲುವಂತಿರಬೇಕು. ಟೇಕಡಿಯ ಗಿಡಗಂಟಿಯ ತಿರುವುಗಳಲ್ಲಿ ಹತ್ತು ಮೀಟರೂ ಕಾಣುವುದಿಲ್ಲ. ಅಲ್ಲಿ 10 ಕಿ.ಮೀ. ವೇಗವೇ ಗರಿಷ್ಠ. ಅಜ್ಜಿಗೆ ಕಂಡದ್ದು ಇದೇ ಲೆಕ್ಕ, ಬೈದವರ ತಪ್ಪಿಲ್ಲ.

ಜಾಲಿ ಮುಳ್ಳಿನ ಕಾಟ ಪುಣೆಯ ಟೇಕಡಿಗಳಲ್ಲಿ ಇದ್ದದ್ದೇ. ಪಂಕ್ಚರ್ ಆದಾಗ ಟ್ಯೂಬ್ ಬದಲಿಸುವ ಮೊದಲು ಟೈರಿನ ಒಳಗೋಡೆಯ ಸುತ್ತ ಬಟ್ಟೆ ಆಡಿಸಿ ನೋಡಬೇಕು, ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ಮುಳ್ಳು. ಬರಿ ಬೆರಳು ಬೇಡ. ಮುಳ್ಳು ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ನೂರು ಮೀಟರಿಗೆ ಮತ್ತೆ ಅದೇ ಕತೆ. ಟ್ಯೂಬ್‌ಲೆಸ್ ಟೈರಿನ ಸೀಲಂಟ್ (ತೂತು ಮುಚ್ಚುವ ದ್ರವ) ನಮ್ಮ ಸೆಖೆಗೆ ಎರಡರಿಂದ ನಾಲ್ಕು ತಿಂಗಳಲ್ಲಿ ಒಣಗಿ ತೊಗಟೆಯಾಗುತ್ತದೆ, ಗಮನವಿರಲಿ. ಚೀಲದಲ್ಲಿ ಒಂದು ಟ್ಯೂಬ್, ಎರಡು ಟೈರ್ ಲಿವರ್, ಕೈಪಂಪು, 4, 5, 6 ಮಿ.ಮೀ. ಆಲನ್ ಕೀ, ತುಂಡಾದ ಚೈನು ಜೋಡಿಸಲು ಅದರ ಅಳತೆಯದೇ ಒಂದು ಕ್ವಿಕ್ ಲಿಂಕ್. ಹೆಲ್ಮೆಟ್ ಒಮ್ಮೆ ಜೋರಾಗಿ ನೆಲಕ್ಕೆ ಬಡಿದಿದ್ದರೆ, ಹೊರಗೆ ಬಿರುಕು ಕಾಣದಿದ್ದರೂ, ಬದಲಿಸಿ. ಒಳಗಿನ ಥರ್ಮೊಕೋಲ್ ಒಂದೇ ಪೆಟ್ಟಿಗೆ ಮಾಡಿದ್ದು.

ಒಂದೇ ದಾರಿ, ಮೂರು ವೇಗ

ವೇತಾಳ ಟೇಕಡಿಯ ಹೆಚ್ಚಿನ ಜಾಗ ಅರಣ್ಯ ಇಲಾಖೆಯದು. ಯಾವ ದಾರಿಯಲ್ಲಿ ಸೈಕಲ್ ಬಿಡುತ್ತಾರೆ, ಗೇಟು ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂಬುದನ್ನು ಗೇಟಿನ ಫಲಕದಲ್ಲಿ ನೋಡಿ. ಬೇಡವೆಂದಿದ್ದರೆ ವಾದ ಬೇಡ. ಬಿಡುವ ಕಡೆ ಕ್ರಮ ಇಷ್ಟು: ಸೈಕಲಿನವನು ಓಡುವವರಿಗೂ ನಡೆಯುವವರಿಗೂ ದಾರಿ ಬಿಡಬೇಕು, ಓಡುವವರು ನಡೆಯುವವರಿಗೆ, ಇಳಿಯುವವರು ಹತ್ತುವವರಿಗೆ. ಹತ್ತುವವರ ಲಯ ಮುರಿದರೆ ಮತ್ತೆ ಕೂಡಿಬರುವುದು ಕಷ್ಟ, ಇಳಿಯುವವರು ನಿಂತು ಹೊರಟರೆ ನಷ್ಟವೇನಿಲ್ಲ. ಆದರೆ ತುಂಬ ಭಾರ ಹೊತ್ತವರು, ವಯಸ್ಸಾದವರು ಇಳಿಯುತ್ತಿದ್ದರೆ ಈ ನಿಯಮ ಬದಿಗಿಟ್ಟು ನೀವೇ ನಿಲ್ಲಿ.

ಎಡಕ್ಕೆ ನಡೆಯಿರಿ, ಬಲದಿಂದ ದಾಟಿ. ಹಿಂದಿನಿಂದ ಬರುವಾಗ 15–20 ಮೀಟರ್ ದೂರದಲ್ಲೇ ಗಂಟೆ ಹೊಡೆಯಬೇಕು ಅಥವಾ ಕೂಗಬೇಕು. ಬೆನ್ನ ಹಿಂದೆ ಬಂದು ಕೂಗಿದರೆ ಮನುಷ್ಯ ಬೆಚ್ಚಿ ಯಾವ ಕಡೆ ಜಿಗಿಯುತ್ತಾನೆಂದು ಹೇಳಲಾಗದು, ಎಷ್ಟೋ ಸಲ ನಿಮ್ಮ ಕಡೆಗೇ ಜಿಗಿಯುತ್ತಾನೆ. ‘ಕಾಕಾ, ಉಜವೀಕಡೂನ್ ಯೇತೋಯ್’ (ಬಲಗಡೆಯಿಂದ ಬರುತ್ತಿದ್ದೇನೆ) ಎಂದರೆ ಪುಣೆಯಲ್ಲಿ ದಾರಿಯೂ ಸಿಗುತ್ತದೆ, ಒಂದು ನಗುವೂ ಸಿಗುತ್ತದೆ. ಎದುರಿಗಿರುವವರು ಕಿವಿಯಲ್ಲಿ ಇಯರ್‌ಫೋನ್ ತುರುಕಿಕೊಂಡಿದ್ದರೆ ಕೇಳಿಸಿಲ್ಲವೆಂದೇ ತಿಳಿದು ವೇಗ ಇಳಿಸಿ. ನೀವು ಓಡುವಾಗ ಒಂದು ಕಿವಿಗೆ ಮಾತ್ರ ಹಾಕಿ. ಗುಂಪಿನಲ್ಲಿ ಬರುವವರು ನಾಲ್ಕು ಜನ ಅಡ್ಡಸಾಲಾಗಿ ನಡೆಯುವುದು, ನಾಯಿಯ ಉದ್ದ ಹಗ್ಗ ದಾರಿಗೆ ಅಡ್ಡ ಬೀಳುವುದು, ಇವೂ ಸೈಕಲಿನಷ್ಟೇ ಅಪಾಯ. ಬೈಗುಳ ಮಾತ್ರ ಸೈಕಲಿಗೆ.

ಬೆಳಿಗ್ಗೆ 6ರಿಂದ 8ರವರೆಗೆ ಟೇಕಡಿ ನಡೆಯುವವರದು. ಹುಡುಗನನ್ನು 9ರ ನಂತರ, ಇಲ್ಲವೇ ವಾರದ ನಡುವಿನ ಮಧ್ಯಾಹ್ನ ಕಳಿಸಿ, ಅದೂ ಅಗಲ ದಾರಿಯಲ್ಲಿ, ಜೊತೆಗೊಬ್ಬನಿರಲಿ. ನನ್ನ ಅಭಿಪ್ರಾಯ ಕೇಳಿದರೆ, ಮೂವರೂ ಒಂದೇ ಹೊತ್ತಿಗೆ ಹೋಗುವ ಆಸೆಯನ್ನು ಬಿಡುವುದೇ ಇದಕ್ಕೆ ಮದ್ದು.

ತಂದೆಯವರ ನಡಿಗೆ

ವಾರಕ್ಕೆ 150ರಿಂದ 300 ನಿಮಿಷದ ನಡಿಗೆ, 65 ದಾಟಿದವರಿಗೆ ಅದರ ಜೊತೆ ವಾರದಲ್ಲಿ ಮೂರು ದಿನ ಸಮತೋಲನದ ಅಭ್ಯಾಸ, ಇದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ಏರುಪೇರಿನ ನೆಲದ ನಡಿಗೆ ಸಮತೋಲನಕ್ಕೂ ಒಳ್ಳೆಯದು, ಬೀಳದಿದ್ದರೆ. ಆದ್ದರಿಂದ ಅವರು ಕಡಿದಾದ ಕಡೆಯಿಂದ ಹತ್ತಿ ಇಳಿಯುವ ಬದಲು ಎಆರ್‌ಎಐ (ವಾಹನ ಸಂಶೋಧನಾ ಸಂಸ್ಥೆ) ಕಡೆಯ ರಸ್ತೆಯಿಂದ ಮೇಲೆ ಬಂದು ಸಮತಟ್ಟಿನ ದಾರಿಯಲ್ಲಿ ನಡೆಯಲಿ. ಇನ್ನೂ ಸುಲಭದ್ದು ಬೇಕಾದ ದಿನ ತಳಜಾಯಿಯ ಪಾಚಗಾವ್ ಪರ್ವತಿ ವನವಿಹಾರವಿದೆ.

ಕೈಯಲ್ಲಿ ಕೋಲಿರಲಿ. ನೆಟ್ಟಗೆ ನಿಂತು ಹಿಡಿದಾಗ ಮೊಣಕೈ 90 ಡಿಗ್ರಿಯಲ್ಲಿ ಬಾಗಿರುವಷ್ಟು ಉದ್ದ. ಉದ್ದ ಬದಲಿಸುವ ಟ್ರೆಕ್ಕಿಂಗ್ ಕೋಲಾದರೆ ಇಳಿಯುವಾಗ 5–10 ಸೆಂ.ಮೀ. ಹೆಚ್ಚಿಸಬೇಕು, ಹತ್ತುವಾಗ ಅಷ್ಟೇ ತಗ್ಗಿಸಬೇಕು. ಬಂಡೆಗೆ ರಬ್ಬರ್ ತುದಿ, ಗರಸಿಗೆ ಲೋಹದ ಮೊನೆ. ಇಳಿಯುವಾಗ ಕೋಲು ಮೊದಲು ಕೆಳಗೆ ಊರಬೇಕು, ಕಾಲು ಆಮೇಲೆ. ಬಿದಿರಿನ ಕೋಲೂ ನಡೆಯುತ್ತದೆ.

ಕೈಗಡಿಯಾರದ ನಾಡಿ ಅಂಕಿ ನಂಬಬೇಡಿ. ಬಿಪಿ ಮಾತ್ರೆ ಅಟೆನೊಲಾಲ್, ಮೆಟೊಪ್ರೊಲಾಲ್ ಜಾತಿಯದಾಗಿದ್ದರೆ ಎಷ್ಟೇ ಆಯಾಸವಾದರೂ ನಾಡಿ ಹೆಚ್ಚು ಏರುವುದಿಲ್ಲ. ಪೂರ್ತಿ ವಾಕ್ಯ ಮಾತಾಡಬಲ್ಲರು, ಆದರೆ ಹಾಡಲಾರರು ಎನ್ನುವ ವೇಗ ಸರಿ. ಸಕ್ಕರೆಗೆ ಗ್ಲಿಮಿಪಿರೈಡ್ ಜಾತಿಯ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಖಾಲಿ ಹೊಟ್ಟೆಯ ಏರುದಾರಿ ಅಪಾಯ. ಕೈ ನಡುಕ, ತಣ್ಣನೆ ಬೆವರು, ಮಾತು ತಡವರಿಸುವುದು ಕಂಡರೆ ಕೂರಿಸಿ, ಮೂರು ನಾಲ್ಕು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ಕೊಡಿ, 15 ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ. ಬಿಸ್ಕತ್ತು ಆಮೇಲೆ. ಗ್ಲೂಕೋಸ್ ಅವರ ಜೇಬಿನಲ್ಲೇ ಇರಬೇಕು, ನಿಮ್ಮ ಚೀಲದಲ್ಲಲ್ಲ. ಮನೆಗೆ ಬಂದ ಮೇಲೆ ದಿನವೂ ಪಾದದ ಅಡಿ ನೋಡಿಕೊಳ್ಳಲಿ, ಸಕ್ಕರೆ ಕಾಯಿಲೆಯವರಿಗೆ ಗುಳ್ಳೆ ಎದ್ದದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಎದೆ ಬಿಗಿತ, ದವಡೆಗೋ ಎಡಗೈಗೋ ಹರಡುವ ನೋವು ಬಂದರೆ ‘ಹೇಗೋ ಇಳಿದುಬಿಡೋಣ’ ಎನ್ನಬೇಡಿ. ಇದ್ದಲ್ಲೇ ಕೂರಿಸಿ 108ಕ್ಕೆ ಕರೆ ಮಾಡಿ, ಹತ್ತಿರದ ಗೇಟಿನ ಹೆಸರು ಹೇಳಿ.

ಮಳೆಗಾಲ

ಹೋಗಬಹುದು, ದಿನವೂ ಅಲ್ಲ. ಬೇಸಿಗೆಯಲ್ಲಿ ಹಿಡಿತ ಕೊಟ್ಟ ಬಂಡೆಯೇ ಜುಲೈ ಹೊತ್ತಿಗೆ ಪಾಚಿ ಕಟ್ಟಿ ಶತ್ರುವಾಗುತ್ತದೆ, ಯಾವ ಬೂಟಿನ ರಬ್ಬರಿಗೂ ಒದ್ದೆ ಪಾಚಿಯ ಮೇಲೆ ಹಿಡಿತವಿಲ್ಲ. ಆಗ ಗರಸಿನ ಮೇಲೆ, ಕಲ್ಲಿನ ಒರಟು ಅಂಚಿನ ಮೇಲೆ ಕಾಲಿಡಬೇಕು, ಅಂದರೆ ಬೇಸಿಗೆಯ ಪಾಠ ತಿರುಗಿಸಿ ಓದಬೇಕು. ಮೇಲಿನ ಹಳೆಯ ಕಲ್ಲುಗಣಿಯ ಅಂಚಿಗಂತೂ ಹೋಗಬೇಡಿ. ಕಪ್ಪು ಎರೆಮಣ್ಣು ಇರುವ ತುಂಡುಗಳಲ್ಲಿ ಮಣ್ಣು ಬೂಟಿಗೆ ಅಂಟಿ ಕಾಲು ಎರಡು ಕೆ.ಜಿ. ಆಗುತ್ತದೆ, ಸೈಕಲಿನ ಟೈರು ಮತ್ತು ಫೋರ್ಕಿನ ನಡುವೆ ತುಂಬಿ ಚಕ್ರವೇ ತಿರುಗದಂತಾಗುತ್ತದೆ. ಒದ್ದೆ ಗರಸಿನ ಕೆಸರು ಬ್ರೇಕ್ ಪ್ಯಾಡನ್ನು ಉಜ್ಜಿ ತೆಗೆಯುತ್ತದೆ. ಪ್ಯಾಡಿನ ಪದರ 1 ಮಿ.ಮೀ.ಗಿಂತ ತೆಳುವಾದರೆ ಬದಲಿಸಿ. ಚೈನಿಗೆ ಬೇಸಿಗೆಯಲ್ಲಿ ಡ್ರೈ ಲೂಬ್, ಮಳೆಯಲ್ಲಿ ವೆಟ್ ಲೂಬ್, ಎರಡರಲ್ಲೂ ಮೇಲಿನ ಜಿಡ್ಡು ಒರೆಸಬೇಕು.

ದಾರಿಗೆ ಆಗುವ ನಷ್ಟವೂ ಇಳಿಜಾರಿನದೇ. ಗುಡ್ಡಕ್ಕೆ ಅಡ್ಡವಾಗಿ ಸಾಗುವ ದಾರಿಯಲ್ಲಿ ನೀರು ದಾರಿ ದಾಟಿ ಕೆಳಗೆ ಹೋಗುತ್ತದೆ. ನೇರ ಕೆಳಗಿಳಿಯುವ ದಾರಿಯಲ್ಲಿ ನೀರು ದಾರಿಯನ್ನೇ ಹಿಡಿದು ಓಡುತ್ತದೆ. ದಾರಿಯ ಇಳಿಜಾರು ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಕಡಿದಾಗಿರಬಾರದು ಎಂಬುದು ದಾರಿ ಕಟ್ಟುವವರ ಲೆಕ್ಕ. ತಿರುವಿನಲ್ಲಿ ಸುತ್ತದೆ ಅಡ್ಡ ಕಡಿದು ಇಳಿಯುವ ‘ಶಾರ್ಟ್‌ಕಟ್’ ಆ ಲೆಕ್ಕ ಮುರಿಯುತ್ತದೆ. ಹುಲ್ಲಿನ ಬೇರು ಹೋದ ಮೇಲೆ ಆ ನಾಲ್ಕು ಇಂಚು ಮಣ್ಣು ಒಂದೆರಡು ಮಳೆಗಾಲದಲ್ಲಿ ಕೊಚ್ಚಿಹೋಗಿ ಬರಿ ಬಂಡೆ ಉಳಿಯುತ್ತದೆ. ಕೆಸರು ತಪ್ಪಿಸಲು ಅಂಚಿನ ಹುಲ್ಲಿನ ಮೇಲೆ ನಡೆದರೆ ದಾರಿ ವರ್ಷ ವರ್ಷ ಅಗಲವಾಗುತ್ತದೆ. ಬೂಟು ಹೇಗೂ ತೊಳೆಯಬೇಕು, ನಡುವೆಯೇ ನಡೆಯಿರಿ. ಜೋರು ಮಳೆ ನಿಂತ ಮೇಲೆ ಗೇಟಿನ ಹತ್ತಿರ ಒಂದು ಹೆಜ್ಜೆ ಊರಿ ನೋಡಿ. ಗುರುತು ಒಂದು ಸೆಂ.ಮೀ.ಗಿಂತ ಆಳವಿದ್ದರೆ ಅವತ್ತು ಸೈಕಲ್ ವಾಪಸ್. ಅವತ್ತು ನಿಮ್ಮ ಓಟವೂ ಡಾಂಬರಿನ ಮೇಲೆ.

ಸಿಡಿಲು ಮಳೆಗಾಲಕ್ಕಿಂತ ಅದರ ಎರಡು ಅಂಚಿನಲ್ಲಿ ಹೆಚ್ಚು, ಮೇ ತಿಂಗಳ ಅಡ್ಡಮಳೆಯಲ್ಲಿ ಮತ್ತು ಅಕ್ಟೋಬರಿನಲ್ಲಿ. ಸುತ್ತಲಿನಲ್ಲೆಲ್ಲ ಎತ್ತರದ ಜಾಗದಲ್ಲಿ ನೀವು ನಿಂತಿರುತ್ತೀರಿ. ಗುಡುಗು ಕೇಳಿದ ತಕ್ಷಣ ಇಳಿಯತೊಡಗಿ, ಕೊನೆಯ ಗುಡುಗಿನಿಂದ 30 ನಿಮಿಷ ಕಳೆಯುವ ತನಕ ಮೇಲೆ ಹೋಗಬೇಡಿ. ಒಂಟಿ ಮರದಡಿ ನಿಲ್ಲುವುದಂತೂ ಬೇಡವೇ ಬೇಡ.

ಉಳಿದದ್ದು ಚುಟುಕಾಗಿ. ನೀರು ಗಂಟೆಗೆ 400–600 ಮಿ.ಲೀ., ಏಪ್ರಿಲ್–ಮೇನಲ್ಲಿ ಇನ್ನಷ್ಟು. ಒಂದು ಗಂಟೆ ಮೀರಿದರೆ ಬರಿ ನೀರಿನ ಬದಲು ಓಆರ್‌ಎಸ್, ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಾಲು ಅಲ್ಲಾಡಿಸದೆ ಹೊತ್ತು ಇಳಿಸಿ, ನೇರ ಆಸ್ಪತ್ರೆಗೆ. ಹೆಜ್ಜೇನಿನ ಗೂಡು ಕಂಡ ಕಡೆ ಸೆಂಟು, ಹೊಗೆ, ಕೂಗಾಟ ಬೇಡ. ಎದ್ದರೆ ಮುಖ ಮುಚ್ಚಿ ಓಡಬೇಕು, ಕೈ ಬೀಸುತ್ತ ನಿಲ್ಲಬಾರದು. ನಾಯಿ ಬೆನ್ನಟ್ಟಿದರೆ ಓಟ ನಿಲ್ಲಿಸಿ ನಡೆಯಿರಿ, ಸೈಕಲಿನವನು ಇಳಿದು ಸೈಕಲನ್ನು ನಡುವೆ ಅಡ್ಡ ಹಿಡಿಯಲಿ. ಕಚ್ಚಿದರೆ ಸೋಪು ನೀರಿನಿಂದ 15 ನಿಮಿಷ ತೊಳೆದು ಅಂದೇ ಲಸಿಕೆ.

ಸಿಂಹಗಡ

ಕೋಟೆಯ ಎತ್ತರ 1,312 ಮೀಟರ್. ಆತಕರವಾಡಿಯಿಂದ ಕಾಲುದಾರಿ ಸುಮಾರು ಎರಡೂಮುಕ್ಕಾಲು ಕಿ.ಮೀ., ಏರಿಕೆ 600 ಮೀಟರಿನ ಆಸುಪಾಸು. ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಇಲ್ಲಿಗೂ ಹೊಂದುತ್ತದೆ. ದೂರಕ್ಕೆ ಗಂಟೆಗೆ 5 ಕಿ.ಮೀ., ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಅಂದರೆ 33 ನಿಮಿಷ, ಜೊತೆಗೆ ಒಂದು ಗಂಟೆ. ನಿಮಗೆ ಒಂದೂವರೆ ಗಂಟೆ, ತಂದೆಯವರಿಗೆ ಅರ್ಧ ಪಾಲು ಕೂಡಿಸಿ ಎರಡೂಕಾಲು ಗಂಟೆ ಹಿಡಿಯಿರಿ. ಅಕ್ಟೋಬರಿನಿಂದ ವಾರಕ್ಕೊಮ್ಮೆ ಅವರು ಟೇಕಡಿಯನ್ನು ಕಡಿದಾದ ಕಡೆಯಿಂದ ನಿಧಾನಕ್ಕೆ ಹತ್ತಲಿ. ನವೆಂಬರ್ ಕೊನೆಗೆ ಒಂದೇ ಬೆಳಿಗ್ಗೆ ಎರಡು ಸಲ ಹತ್ತಿ, ಮರುದಿನ ಮಾಮೂಲಿನಂತೆ ಎದ್ದು ಓಡಾಡಿದರೆ ಸಿಂಹಗಡಕ್ಕೆ ತಯಾರು. ಹೋಗುವ ಮೊದಲು ವೈದ್ಯರನ್ನು ಕೇಳಿ, ಅಂದಿನ ಮಾತ್ರೆ ಎಷ್ಟು, ಎಷ್ಟು ಹೊತ್ತಿಗೆ ಎಂಬುದನ್ನೂ ಅವರೇ ಹೇಳಲಿ.

ಭಾನುವಾರ ಬೇಡ, ಕಾಲಿಡಲು ಜಾಗವಿರುವುದಿಲ್ಲ. ವಾರದ ನಡುವೆ ಆರೂವರೆಗೆ ಹೊರಡಿ. ಮೇಲೆ ಪಿಠಲ–ಭಾಕರಿ (ಕಡಲೆಹಿಟ್ಟಿನ ಪಲ್ಯ–ರೊಟ್ಟಿ), ಮಡಕೆಯ ಮೊಸರು ಸಿಗುತ್ತದೆ. ಇಳಿಯುವವರು ಅರ್ಧ ಹೊಟ್ಟೆ ತಿನ್ನಿ. ತಂದೆಯವರಿಗೆ ಆ ನಿರ್ಬಂಧವಿಲ್ಲ, ಏಕೆಂದರೆ ಅವರು ನಡೆದು ಇಳಿಯಬಾರದು. ಮೇಲಿನ ವಾಹನ ನಿಲ್ಲುವ ಜಾಗದಿಂದ ಘಾಟ್ ರಸ್ತೆಯಲ್ಲಿ ಜೀಪುಗಳು ಕೆಳಗೆ ಹೋಗುತ್ತವೆ. ಅವರನ್ನು ಅದರಲ್ಲಿ ಕೂರಿಸಿ, ನೀವು ಮತ್ತು ಮಗ ಲೇಸು ಬಿಗಿದುಕೊಂಡು ಕಾಲುದಾರಿ ಹಿಡಿಯಿರಿ. ಸೈಕಲ್ ಅವತ್ತು ಮನೆಯಲ್ಲಿರಲಿ.